ಅಜ್ಜಾರ ಹೆಸರು, ದಿನಕ್ಕೆ ಮೂರು ಗುಳಿಗೆ

ಟಿಬಿ ಅಂತ ಗೊತ್ತಾಗುವ ಮೊದಲೇ ನನಗೆ ಹೆದರಿಕೆ ಶುರುವಾಗಿತ್ತು. ಹಗಲು ಹೇಗೋ ಕಳೆಯುತ್ತಿತ್ತು. ಸಂಜೆ ಆಯಿತೆಂದರೆ ಮೈ ಬೆಚ್ಚಗಾಗುತ್ತಿತ್ತು. ರಾತ್ರಿ ಬೆವರಿ ಬಟ್ಟೆಯೆಲ್ಲ ಒದ್ದೆ. ಕೆಮ್ಮಿಗೆ ಮಾತ್ರ ಹಗಲು ರಾತ್ರಿ ಅಂತ ಇರಲಿಲ್ಲ. ನಾನು ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರದವಳು. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಚ್ಚುತ್ತೇನೆ. ಅದು 2024ರ ದೀಪಾವಳಿ ಸಮಯ. ನಿದ್ದೆಗೆಟ್ಟು ಹೊಲಿದಿದ್ದಕ್ಕೆ ಹೀಗಾಗಿದೆ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡರು. ನಮ್ಮ ಕಡೆ ಧೂಳು ಜಾಸ್ತಿ, ಒಬ್ಬರು ಕೆಮ್ಮಿದರೆ ಇನ್ನೊಬ್ಬರು ತಿರುಗಿಯೂ ನೋಡುವುದಿಲ್ಲ. ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಸೂಜಿ ಮಾಡಿದರು, ಸಿರಪ್ ಬರೆದುಕೊಟ್ಟರು. ಸ್ವಲ್ಪ ಹಗುರ ಅನಿಸಿ ಮತ್ತೆ ಅದೇ ಆಯಿತು.

ಒಂದು ದಿನ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಬ್ಲೌಸ್ ಅಳತೆ ಕೊಡಲು ಬಂದರು. ಟೇಪು ಹಿಡಿದುಕೊಂಡೇ ಕೆಮ್ಮಿದೆ. "ಎಷ್ಟು ದಿನ ಆತವ್ವ ಈ ಕೆಮ್ಮು?" ಅಂದರು. ಹೇಳಿದೆ. "ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷಿ ಮಾಡಿಸ್ಲೇಬೇಕು. ನಾಳಿಗೆ ನಾನ ಬರ್ತೀನಿ, ಇಬ್ಬರೂ ಹೋಗೂಣು" ಅಂದರು. ಅವರು ಅವತ್ತೇ ಬಂದಿದ್ದನ್ನು ಸುಮ್ನೆ ಆಗಿದ್ದು ಅಂತ ನಾನು ಒಪ್ಪುವುದಿಲ್ಲ. ದೇವರೇ ಕಳಿಸಿದ ಅಂತ ನಂಬಿದ್ದೇನೆ. ನಂಬಿಕೆ ಇಲ್ಲದವರು ಬೇರೆ ಏನಾದರೂ ಅನ್ನಬಹುದು, ಅದರ ಬಗ್ಗೆ ನನಗೆ ಜಗಳ ಇಲ್ಲ.

ಅವ್ವನ ಮುಂದೆ ಆ ಮಾತು ಆಡಿದ್ದಕ್ಕೇ ಅವಳು ಸೆರಗು ಬಾಯಿಗೆ ಹಿಡಿದು ಕೂತುಬಿಟ್ಟಳು. ಅವಳು ಚಿಕ್ಕವಳಿದ್ದಾಗ ಅವಳ ಸೋದರಮಾವ ಕ್ಷಯದಿಂದ ತೀರಿಕೊಂಡಿದ್ದರು. ಕೊನೆಕೊನೆಗೆ ಅವರಿಗೆ ದನದ ಕೊಟ್ಟಿಗೆಯಲ್ಲೇ ಹಾಸಿಗೆ, ಬೇರೆಯದೇ ತಾಟು. ಅವ್ವನ ತಲೆಯಲ್ಲಿ ಟಿಬಿ ಅಂದರೆ ಇವತ್ತಿಗೂ ಆ ಕೊಟ್ಟಿಗೆ.

ಕಫ ಪರೀಕ್ಷೆಗೆ ಎರಡು ಡಬ್ಬಿ ಕೊಡುತ್ತಾರೆ. ಒಂದಕ್ಕೆ ಅಲ್ಲೇ ಕೊಡಬೇಕು, ಇನ್ನೊಂದಕ್ಕೆ ಮರುದಿನ ಬೆಳಗ್ಗೆ ಎದ್ದ ಕೂಡಲೇ. ಬಾಯಿ ಮುಕ್ಕಳಿಸಬೇಕು. ಉಸಿರನ್ನು ಆಳಕ್ಕೆ ಎಳೆದು ಬಿಟ್ಟು, ಎದೆಯ ತಳದಿಂದ ಕೆಮ್ಮಿ ತೆಗೆಯಬೇಕು. ಬರೀ ಉಗುಳು ಕೊಟ್ಟರೆ ಕೆಲಸಕ್ಕೆ ಬರುವುದಿಲ್ಲ. ಬೆಳಗಿನ ಜಾವ ಹಿತ್ತಲಲ್ಲಿ ಒಬ್ಬಳೇ ನಿಂತು ಆ ಡಬ್ಬಿ ತುಂಬಿಸಿದೆ. ಆಮೇಲೆ ಅದನ್ನು ಚೀಲದಲ್ಲಿಟ್ಟುಕೊಂಡು ದವಾಖಾನೆಗೆ ಹೋಗಿ ಕೊಟ್ಟೆ. ಮನೆಗೆ ವಾಪಸ್ ಹೋಗಲು ಮನಸ್ಸಾಗಲಿಲ್ಲ. ಆಟೋದವರಿಗೆ ಗವಿಮಠಕ್ಕೆ ಬಿಡಿ ಅಂದೆ.

ಕೊಪ್ಪಳದವರಿಗೆ ಗವಿಮಠ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಊರ ಅಂಚಿನ ಬೆಟ್ಟದಲ್ಲಿ ಗವಿ ಇದೆ, ಅಲ್ಲಿ ಗವಿಸಿದ್ದೇಶ್ವರರ ಗದ್ದಿಗೆ. ನಾವು ಅಜ್ಜಾರು ಅನ್ನುತ್ತೇವೆ. ಪರೀಕ್ಷೆ ಬರೆಯುವ ಹುಡುಗರು, ಹೆರಿಗೆಗೆ ಹೋಗುವ ಹೆಣ್ಣುಮಕ್ಕಳು, ಬೋರ್‌ವೆಲ್ ಹಾಕಿಸುವ ರೈತರು, ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಾರೆ. ನಾನೂ ಸಣ್ಣವಳಿದ್ದಾಗಿಂದ ಹತ್ತಿದ ಮೆಟ್ಟಿಲು ಅವು. ಅವತ್ತು ಮಾತ್ರ ಎರಡೆರಡು ಸಲ ಕೂತು ಉಸಿರು ತೆಗೆದುಕೊಂಡು ಹತ್ತಿದೆ.

ಗದ್ದಿಗೆ ಮುಂದೆ ಕೈ ಮುಗಿದೆ. ಏನು ಕೇಳಬೇಕು ಅಂತ ತಿಳಿಯಲಿಲ್ಲ. ಟಿಬಿ ಇಲ್ಲ ಅಂತ ಬರಲಿ ಅಂತ ಕೇಳಬೇಕೆಂದುಕೊಂಡೇ ಹೋಗಿದ್ದೆ. ಆದರೆ ಡಬ್ಬಿ ಆಗಲೇ ಕೊಟ್ಟಾಗಿತ್ತಲ್ಲ. ಅದರಲ್ಲಿ ಏನಿದೆಯೋ ಅದು ಇದ್ದೇ ಇದೆ. ಇದ್ದದ್ದನ್ನು ಇಲ್ಲ ಅನ್ನಿಸು ಅಂತ ಅಜ್ಜಾರನ್ನು ಕೇಳಲು ನನ್ನ ಬಾಯಿ ಬರಲಿಲ್ಲ. "ಏನ ಬರಲಿ, ನನ್ನ ಕೈ ಬಿಡಬ್ಯಾಡ್ರಿ" ಅಂದೆ. ಅಷ್ಟೇ ಅಂದಿದ್ದು. ಹೆದರಿಕೆ ಹೋಯಿತಾ ಅಂತ ಕೇಳಿದರೆ, ಇಲ್ಲ. ಇಳಿದು ಬರುವಾಗಲೂ ಕೈ ನಡುಗುತ್ತಿತ್ತು. ಆದರೆ ಒಬ್ಬಳೇ ಹೆದರುತ್ತಿಲ್ಲ ಅಂತ ಅನ್ನಿಸಿತು. ಆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಮುಂದಿನ ಆರು ತಿಂಗಳಲ್ಲಿ ಗೊತ್ತಾಯಿತು.

ಫಲಿತಾಂಶ ಬಂತು. ಟಿಬಿ ಇತ್ತು.

ಡಾಕ್ಟರ್ ಎದುರಿಗೆ ಕೂರಿಸಿಕೊಂಡು ಹೇಳಿದ್ದರಲ್ಲಿ ಅರ್ಧ ಮಾತ್ರ ತಲೆಗೆ ಹೋಯಿತು. ಉಳಿದದ್ದನ್ನು ನಮ್ಮ ಮನೆಯವರು ಆಮೇಲೆ ಹೇಳಿದರು. ಈಗ ಮಷಿನ್‌ನಲ್ಲಿ ಮಾಡುವ ಕಫ ಪರೀಕ್ಷೆ ಟಿಬಿ ಇದೆಯೋ ಇಲ್ಲವೋ ಅನ್ನುವುದರ ಜೊತೆಗೆ ರಿಫಾಂಪಿಸಿನ್ ಅನ್ನುವ ಮುಖ್ಯ ಔಷಧಕ್ಕೆ ಆ ರೋಗಾಣು ಬಗ್ಗುತ್ತದೋ ಇಲ್ಲವೋ ಅಂತಲೂ ತೋರಿಸುತ್ತದಂತೆ. ನನ್ನದು ಬಗ್ಗುವಂಥದ್ದು. ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ಒಂದೇ ಗುಳಿಗೆಯಲ್ಲಿ ನಾಲ್ಕು ಔಷಧ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬ್ಯುಟಾಲ್. ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಎಷ್ಟು ಗುಳಿಗೆ ಅನ್ನುವುದು ತೂಕದ ಮೇಲೆ. ನಾನು ಆಗ 44 ಕೆಜಿ ಇದ್ದೆ, ದಿನಕ್ಕೆ ಮೂರು ಬಂತು. ಎಲ್ಲ ಸರ್ಕಾರದಿಂದ ಪುಕ್ಕಟೆ. ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಖಾತೆಗೆ ಹಾಕುತ್ತಾರೆ, ಆ ವರ್ಷದ ನವೆಂಬರ್‌ನಿಂದ 500 ಇದ್ದದ್ದನ್ನು 1000 ಮಾಡಿದ್ದರು. ಟಿಬಿ ಬಂದ ಎಲ್ಲರಿಗೂ ಸಕ್ಕರೆ ಕಾಯಿಲೆ ಮತ್ತು ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಎಚ್‌ಐವಿ ಅಂದ ಕೂಡಲೇ ನಮ್ಮ ಮನೆಯವರ ಮುಖ ನೋಡಲಿಕ್ಕಾಗಲಿಲ್ಲ ನನಗೆ. ಎರಡೂ ಇಲ್ಲ ಅಂತ ಬಂತು. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಮುಂದೆ ಯಾರಿಗಾದರೂ ಆ ಪರೀಕ್ಷೆ ಬರೆದುಕೊಟ್ಟರೆ ನಿಮ್ಮ ಮೇಲೆ ಸಂಶಯ ಪಟ್ಟು ಬರೆದಿದ್ದಲ್ಲ ಅಂತ ಗೊತ್ತಿರಲಿ.

ಇಷ್ಟೆಲ್ಲ ನನಗೆ ಸಂಬಂಧಪಟ್ಟದ್ದು, ಹೇಗೋ ತಡೆದುಕೊಂಡೆ. ತಡೆಯಲಿಕ್ಕೆ ಆಗದೇ ಹೋದದ್ದು ಮಗಳ ವಿಷಯ.

ಅವಳಿಗೆ ಆಗ ಇನ್ನೂ ಐದು ತುಂಬಿರಲಿಲ್ಲ. ದಿನಾ ನನ್ನ ಮಗ್ಗುಲಲ್ಲೇ ಮಲಗುವ ಕೂಸು. ರಾತ್ರಿಯಿಡೀ ನಾನು ಅವಳ ಮುಖದ ಹತ್ತಿರವೇ ಕೆಮ್ಮಿದ್ದೆ. ಮನೆಯಲ್ಲಿರುವ ಎಲ್ಲರನ್ನೂ ಪರೀಕ್ಷೆ ಮಾಡಬೇಕು, ಸಣ್ಣ ಮಕ್ಕಳನ್ನು ಮೊದಲು ಅಂದರು. ಅವಳ ಎದೆಯ ಎಕ್ಸ್‌ರೇಗೆ ನಿಲ್ಲಿಸಿದಾಗ "ಅವ್ವಾ, ಫೋಟೋ ತಗೀತಾರೇನು?" ಅಂತ ನಕ್ಕಳು. ನಾನು ಬಾಗಿಲ ಹೊರಗೆ ಗೋಡೆ ಹಿಡಿದು ನಿಂತಿದ್ದೆ. ಅವತ್ತು ನಾನು ಅಜ್ಜಾರ ಜೊತೆ ಮೆತ್ತಗೆ ಮಾತಾಡಲಿಲ್ಲ. ಸಿಟ್ಟಿನಿಂದ ಮಾತಾಡಿದೆ. ನನಗೆ ಏನು ಬೇಕಾದರೂ ಕೊಡಿ, ಈ ಕೂಸಿನ ಗೊಡವೆಗೆ ಬರಬೇಡಿ ಅಂದೆ. ದೇವರ ಮುಂದೆ ಸಿಟ್ಟು ಮಾಡಬಾರದು ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಯಾರನ್ನು ಪೂರ್ತಿ ನಂಬಿರುತ್ತೇವೋ ಅವರ ಮುಂದೆ ತಾನೇ ಮನುಷ್ಯ ಅಷ್ಟು ಬಿಚ್ಚಿ ಸಿಟ್ಟಾಗುವುದು.

ಮಗಳಿಗೆ ರೋಗ ಇರಲಿಲ್ಲ. ಆದರೂ ಮುಂದೆ ಬಾರದ ಹಾಗೆ ತಡೆಯಲು ಆರು ತಿಂಗಳು ದಿನಾ ಐಸೋನಿಯಾಜಿಡ್ ಕೊಡಬೇಕು ಅಂದರು. ಅವಳದ್ದು ಬೇರೆ ಚೀಟಿ, ಅವಳದ್ದು ಬೇರೆ ಗುಳಿಗೆ. ಪುಡಿ ಮಾಡಿ ನೀರಲ್ಲಿ ಕಲಸಿ ಕೊಡುತ್ತಿದ್ದೆವು. ಮೊದಲ ಕೆಲವು ವಾರ ಅವಳು ಅಜ್ಜಿಯ ಹತ್ತಿರ ಮಲಗಿದಳು. ನಾನು ಕಿಟಕಿ ತೆರೆದಿಟ್ಟು ಪಡಸಾಲೆಯಲ್ಲಿ ಮಲಗುತ್ತಿದ್ದೆ, ಹಗಲಲ್ಲಿ ಮಾಸ್ಕ್. ಗುಳಿಗೆ ಸರಿಯಾಗಿ ಶುರುವಾಗಿ ಎರಡು ವಾರದ ಹೊತ್ತಿಗೆ ಇನ್ನೊಬ್ಬರಿಗೆ ಹರಡುವ ಶಕ್ತಿ ಬಹಳಷ್ಟು ಕಡಿಮೆಯಾಗುತ್ತದೆ ಅಂತ ಡಾಕ್ಟರ್ ಹೇಳಿದ್ದರು. ತಾಟು, ಲೋಟ, ಬಟ್ಟೆಯಿಂದ ಟಿಬಿ ಬರುವುದಿಲ್ಲ, ಗಾಳಿಯಿಂದ ಬರುತ್ತದೆ ಅಂತಲೂ ಹೇಳಿದ್ದರು. ಅವ್ವ ಮಾತ್ರ ನನ್ನ ತಾಟು ಬೇರೆ ಇಟ್ಟಿದ್ದಳು. ನಾನು ಏನೂ ಅನ್ನಲಿಲ್ಲ. ಆ ಕೊಟ್ಟಿಗೆ ಅವಳ ಕಣ್ಣಿಂದ ಹೋಗಬೇಕಲ್ಲ.

ಅವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತಳು. ತನ್ನ ಮಗಳು, ಅಂದರೆ ನಾನು, ಗುಣವಾದರೆ ಹುಣ್ಣಿಮೆಗೆ ಹುಲಿಗಿಗೆ ಬಂದು ಉಡಿ ತುಂಬುತ್ತೇನೆ ಅಂತ. ಅದು ಅವಳ ಪ್ರೀತಿ, ಅದಕ್ಕೆ ನಾನು ತಲೆಬಾಗುತ್ತೇನೆ. ನನಗೆ ಮಾತ್ರ ಹರಕೆ ಹೊರಲು ಆಗಲಿಲ್ಲ. ಇದು ಕೊಟ್ಟರೆ ಅದು ಕೊಡುತ್ತೇನೆ ಅಂತ ಶುರು ಮಾಡಿದರೆ, ಆಮೇಲೆ ಒಂದೊಂದು ಕೆಮ್ಮು ಬಂದಾಗಲೂ ದೇವರು ಒಪ್ಪಿದನೋ ಇಲ್ಲವೋ ಅಂತ ನೋಡುತ್ತಾ ಕೂರುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು. ಅದಕ್ಕೇ ಸಣ್ಣದನ್ನು ಕೇಳಲು ಶುರು ಮಾಡಿದೆ. ಇವತ್ತಿನ ಗುಳಿಗೆ ಹೊಟ್ಟೆಯಲ್ಲಿ ನಿಲ್ಲಲಿ. ಇವತ್ತಿನದು ಮಾತ್ರ.

ಇದು ಸಣ್ಣ ಮಾತಲ್ಲ, ಗುಳಿಗೆ ತೆಗೆದುಕೊಂಡವರಿಗೆ ಗೊತ್ತಿರುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಮೂರನ್ನೂ ನುಂಗಬೇಕು. ನುಂಗಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸುತ್ತಿತ್ತು. ಮೂತ್ರ ಕೇಸರಿ ಬಣ್ಣ. ರಿಫಾಂಪಿಸಿನ್‌ನಿಂದ ಹಾಗೆ ಆಗುತ್ತದೆ, ಹೆದರಬೇಡಿ ಅಂತ ಮೊದಲೇ ಹೇಳಿದ್ದರಿಂದ ಬಚಾವಾದೆ. ಕೀಲು ನೋವು ಬಂತು. ಕಣ್ಣು ಹಳದಿಯಾದರೆ, ಜಾಸ್ತಿ ವಾಂತಿಯಾದರೆ ಕೂಡಲೇ ಬರಬೇಕು ಅಂದಿದ್ದರು. ಇನ್ನೊಂದು ಮಾತು ಹೇಳಿದ್ದರು, ಅದು ನನ್ನನ್ನು ಬಹಳ ಕಾಡಿತು. ಇಥಾಂಬ್ಯುಟಾಲ್‌ನಿಂದ ಅಪರೂಪಕ್ಕೆ ಕಣ್ಣಿಗೆ ತೊಂದರೆ ಆಗಬಹುದು, ಕೆಂಪು ಹಸಿರು ಬಣ್ಣ ಸರಿಯಾಗಿ ಗೊತ್ತಾಗದಿದ್ದರೆ ತಡ ಮಾಡದೆ ಬನ್ನಿ ಅಂತ.

ಬಣ್ಣದ ಮೇಲೇ ಬದುಕುವವಳು ನಾನು. ಗಿಳಿಹಸಿರಿಗೂ ಎಲೆಹಸಿರಿಗೂ ದಾರ ತಪ್ಪಿದರೆ ಗಿರಾಕಿ ಬ್ಲೌಸ್ ವಾಪಸ್ ಕೊಡುತ್ತಾರೆ. ಅವತ್ತಿನಿಂದ ದಿನಾ ಬೆಳಗ್ಗೆ ಗುಳಿಗೆ ನುಂಗಿ, ದಾರದ ಡಬ್ಬಿ ತೆಗೆದು, ಬಾಗಿಲ ಬೆಳಕಿನಲ್ಲಿ ಒಂದು ಕೆಂಪು ರೀಲು ಒಂದು ಹಸಿರು ರೀಲು ಹಿಡಿದು ನೋಡುತ್ತಿದ್ದೆ. ಮೊದಮೊದಲು ಅದನ್ನು ಮಾಡುವಾಗ ಎದೆ ಢವಢವ. ಬರುಬರುತ್ತಾ ಅದೇ ನನ್ನ ಪೂಜೆಯ ಹಾಗಾಯಿತು. ವಿಭೂತಿ ಹಚ್ಚಿಕೊಂಡು, ಅಜ್ಜಾರ ಹೆಸರು ಹೇಳಿ, ಮೂರು ಗುಳಿಗೆ, ಎರಡು ರೀಲು. ಕೆಂಪು ಕೆಂಪಾಗಿ, ಹಸಿರು ಹಸಿರಾಗಿ ಕಂಡರೆ ಇವತ್ತಿನ ದಿನ ಕೊಟ್ಟಿರಿ ಅಂತ ಕೈ ಮುಗಿದು ಮಷಿನ್ ತುಳಿಯಲು ಕೂರುತ್ತಿದ್ದೆ.

ಗಿರಾಕಿಗಳು ಕಡಿಮೆಯಾದರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೊಟ್ಟ ಬಟ್ಟೆಯನ್ನು "ಇನ್ನ ಹೊಲಿದಿಲ್ಲಂದ್ರ ಇರ್ಲಿ ಬಿಡವ್ವ" ಅಂತ ವಾಪಸ್ ಒಯ್ದರು. ಬಟ್ಟೆಯಿಂದ ಬರುವುದಿಲ್ಲ ಅಂತ ಎಷ್ಟು ಜನಕ್ಕೆ ಹೇಳುವುದು? ರೋಗದ ಭಯಕ್ಕಿಂತ ಜನರ ಭಯ ನನ್ನನ್ನು ಜಾಸ್ತಿ ಕುಗ್ಗಿಸಿತು. ಬಾಗಿಲು ಅರ್ಧ ಮುಚ್ಚಿ ಕೂರುವುದು ರೂಢಿಯಾಯಿತು.

ಅಷ್ಟರಲ್ಲಿ ಜಾತ್ರೆ ಬಂತು.

ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಬರುತ್ತದೆ. ಟ್ರ್ಯಾಕ್ಟರ್‌ಗಳಲ್ಲಿ, ಚಕ್ಕಡಿಗಳಲ್ಲಿ, ಡೊಳ್ಳು ಬಾರಿಸಿಕೊಂಡು. ಲಕ್ಷಗಟ್ಟಲೆ ರೊಟ್ಟಿ. ಮಾದಲಿ, ಮಿರ್ಚಿ ಎಲ್ಲ ಇರುತ್ತದೆ, ಆದರೆ ಆ ರೊಟ್ಟಿಯ ರಾಶಿ ನೋಡಿದರೇ ಹೊಟ್ಟೆ ತುಂಬುತ್ತದೆ. ಒಂದೊಂದು ಓಣಿಯಲ್ಲೂ ಹೆಣ್ಣುಮಕ್ಕಳು ಒಂದೆಡೆ ಕೂತು ಬಡಿಯುತ್ತಾರೆ. ನಾನು ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಈ ಸಲ ರೊಟ್ಟಿ ಬಡಿಯುವ ಸಪ್ಪಳ ಮನೆಯೊಳಗೆ ಕೂತೇ ಕೇಳುತ್ತಿದ್ದೆ. "ಹೋಗಬ್ಯಾಡ, ಯಾರರೆ ಏನರೆ ಅಂದ್ರ ನಿನಗ ತಡಕೊಳ್ಳಾಕ ಆಗಂಗಿಲ್ಲ" ಅಂದಳು ಅವ್ವ.

ಮಧ್ಯಾಹ್ನ ಮೂಲೆಮನೆ ದೊಡ್ಡವ್ವ ನೇರ ಒಳಗೆ ಬಂದರು. "ನಿನ್ನ ರೊಟ್ಟಿ ಹಪ್ಪಳದಂಗ ಇರ್ತಾವು, ಇಲ್ಲಿ ಕುಂತು ಏನ ಮಾಡಾಕತ್ತಿ?" ಅಂದರು.

"ದೊಡ್ಡವ್ವ, ನಿಮಗ ಗೊತ್ತೈತಲ್ಲ..." ಅಂದೆ.

"ಗೊತ್ತೈತಿ. ಗುಳಿಗಿ ತಗೊಳ್ಳಾಕತ್ತೀಯಿಲ್ಲ?"

"ಹೂಂ, ತಗೊಳ್ಳಾಕತ್ತೀನ್ರಿ."

"ಮತ್ತ ಏಳು."

ಹೋದೆ. ಮಾಸ್ಕ್ ಹಾಕಿಕೊಂಡೇ ಹೋದೆ. ಆಗ ಚಿಕಿತ್ಸೆ ಶುರುವಾಗಿ ಸುಮಾರು ಎರಡು ತಿಂಗಳಾಗಿತ್ತು, ಹರಡುವ ಸಾಧ್ಯತೆ ಬಹಳ ಕಡಿಮೆ ಇತ್ತು. ಆದರೂ ಜನರ ಸಮಾಧಾನಕ್ಕೆ. ಬಯಲಿನಲ್ಲಿ ಸಾಲಾಗಿ ಒಲೆ ಹೂಡಿದ್ದರು. ನಾನು ಕೂತ ಕೂಡಲೇ ಒಬ್ಬಾಕೆ ತನ್ನ ಹಿಟ್ಟಿನ ಪರಾತ ಎತ್ತಿಕೊಂಡು ಆ ಕಡೆಯ ಒಲೆಗೆ ಹೋದರು. ಎಲ್ಲರೂ ನೋಡಿದರು. ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಎದ್ದು ಬಿಡೋಣ ಅನ್ನಿಸಿತು. ಆಗ ನಾನು ಅಜ್ಜಾರಿಗೆ ಹೇಳಿದ್ದು ಇಷ್ಟು: ಇದು ನಿಮ್ಮ ದಾಸೋಹದ ರೊಟ್ಟಿ, ನನ್ನದು ಬೇಡ ಅಂದರೆ ನೀವೇ ಹೇಳಿ, ಅವರು ಹೇಳುವುದು ಬೇಡ. ಹಿಟ್ಟು ನಾದಿದೆ. ಬಡಿದೆ. ದೊಡ್ಡವ್ವ ನನ್ನ ಪಕ್ಕದಲ್ಲೇ ಕೂತು ಬೇಯಿಸಿದರು. ಸಂಜೆಗೆ ನನ್ನ ರೊಟ್ಟಿ, ಆ ಕಡೆ ಹೋದಾಕೆಯ ರೊಟ್ಟಿ, ಎಲ್ಲ ಒಂದೇ ಬುಟ್ಟಿಗೆ ಬಿದ್ದು ಟ್ರ್ಯಾಕ್ಟರ್ ಏರಿದವು. ಆ ಹೆಣ್ಣುಮಗಳ ಮೇಲೆ ನನಗೆ ಈಗ ಬೇಜಾರಿಲ್ಲ. ಅವರ ಮನೆಯಲ್ಲೂ ಸಣ್ಣ ಕೂಸಿದೆ. ಅವರದ್ದೂ ಭಯವೇ ತಾನೇ.

2025ರ ಜನವರಿ 15ಕ್ಕೆ ತೇರು. ಅಷ್ಟು ಜನಸಾಗರಕ್ಕೆ ನಾನು ಹೋಗಲಿಲ್ಲ. ನಮ್ಮ ಮನೆಯವರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೇರಿಗೆ ಉತ್ತತ್ತಿ ಎಸೆಸಿಕೊಂಡು ಬಂದರು.

ಅದೇ ವಾರ ಎರಡನೇ ಕಫ ಪರೀಕ್ಷೆ. ಎರಡು ತಿಂಗಳ ಗುಳಿಗೆ ಮುಗಿದಾಗ ಮತ್ತೆ ನೋಡುತ್ತಾರೆ. ಆಗ ಹೆದರಿಕೆ ಮೊದಲಿನಷ್ಟೇ ಆಯಿತು. ನಂಬಿಕೆ ಇದ್ದರೆ ಭಯ ಇರುವುದಿಲ್ಲ ಅಂತ ಪ್ರವಚನದಲ್ಲಿ ಕೇಳಿದ್ದೆ, ನನ್ನ ಮಟ್ಟಿಗೆ ಅದು ಹಾಗಾಗಲಿಲ್ಲ. ಭಯ ಇತ್ತು, ನಂಬಿಕೆಯೂ ಇತ್ತು, ಎರಡನ್ನೂ ಹೊತ್ತುಕೊಂಡೇ ಡಬ್ಬಿ ಕೊಟ್ಟು ಬಂದೆ. ಕಫದಲ್ಲಿ ರೋಗಾಣು ಕಾಣಲಿಲ್ಲ ಅಂತ ಬಂತು. ತೂಕವೂ ಏರಿತ್ತು. ಅವತ್ತು ರಾತ್ರಿ ಅವ್ವ ನನ್ನ ತಾಟು ತಂದು ಉಳಿದ ತಾಟುಗಳ ಮೇಲೆ ಜೋಡಿಸಿಟ್ಟಳು. ನಾನು ನೋಡಿದೆ ಅಂತ ಅವಳಿಗೂ ಗೊತ್ತಾಯಿತು. ಇಬ್ಬರೂ ಏನೂ ಮಾತಾಡಲಿಲ್ಲ.

ನಿಜವಾದ ಅಪಾಯ ಬಂದದ್ದು ಇದಾದ ಮೇಲೆ. ಮೈ ಹಗುರಾಗಿತ್ತು, ಜ್ವರ ಇರಲಿಲ್ಲ, ಊಟ ಸೇರುತ್ತಿತ್ತು. ಸಂಬಂಧಿಕರೊಬ್ಬರು ಬಂದು ತಾಯಿತ ಕೊಟ್ಟು ಹೇಳಿದರು: "ಆರಾಮ ಆಗೀಯಲ್ಲ, ಇನ್ನ ಯಾಕ ಆ ಗುಳಿಗಿ? ಶರೀರ ಹಾಳಾಗ್ತೈತಿ. ದೇವರ ಮ್ಯಾಲ ನಂಬಿಕಿ ಇಲ್ಲೇನು ನಿನಗ?" ಅವರು ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಆದರೆ ನಡುವೆ ಬಿಟ್ಟರೆ ಉಳಿದ ರೋಗಾಣು ಔಷಧಕ್ಕೆ ಬಗ್ಗದ ಹಾಗೆ ಗಟ್ಟಿಯಾಗಿ ತಿರುಗಿ ಬರಬಹುದು. ಆಮೇಲಿನ ಚಿಕಿತ್ಸೆ ಇನ್ನೂ ಕಷ್ಟ. ನನಗೆ ಬಹಳ ನೋವಾದದ್ದು ಆ ಕೊನೆಯ ಪ್ರಶ್ನೆಗೆ. "ಕೊರೊನಾ ಬಂದಾಗ ನಮ್ಮ ಗವಿಮಠದವರು ಏನು ಮಾಡಿದರು? ಕೋವಿಡ್ ದವಾಖಾನೆ ತೆರೆದರು. ಡಾಕ್ಟರನ್ನು ಕರೆಸಿದರು, ಆಕ್ಸಿಜನ್ ತರಿಸಿದರು. ಅವರಿಗೆ ನಂಬಿಕೆ ಕಡಿಮೆ ಇತ್ತಾ?" ಅಂತ ಕೇಳಿದೆ. ತಾಯಿತವನ್ನು ದೇವರ ಜಗಲಿ ಮೇಲಿಟ್ಟೆ, ಗುಳಿಗೆ ನುಂಗಿದೆ. ಈ ವಿಷಯದಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ. ದೇವರ ಹೆಸರು ಹೇಳಿ ಯಾರಾದರೂ ನಿಮ್ಮ ಗುಳಿಗೆ ಬಿಡಿಸಲು ಬಂದರೆ ದಯವಿಟ್ಟು ಬಿಡಬೇಡಿ. ಆ ಗುಳಿಗೆ ನನ್ನ ಕೈಗೆ ಬಂದದ್ದೂ ದೇವರಿಂದಲೇ ಅಂತ ನಾನು ನಂಬಿದವಳು.

ಉಳಿದ ತಿಂಗಳುಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬಿಸಿಲು ಏರಿತು, ಮದುವೆ ಸೀಸನ್ ಬಂತು, ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಮೇ ತಿಂಗಳಲ್ಲಿ ಕೊನೆಯ ಗುಳಿಗೆ ಮುಗಿಯಿತು, ಕೊನೆಯ ಕಫ ಪರೀಕ್ಷೆಯಲ್ಲೂ ಏನೂ ಇರಲಿಲ್ಲ. ಮಗಳ ಗುಳಿಗೆಯೂ ಮುಗಿಯಿತು. ಹುಣ್ಣಿಮೆಗೆ ಹುಲಿಗಿಗೆ ಹೋಗಿ ಅವ್ವ ಉಡಿ ತುಂಬಿ ಬಂದಳು. ನಾನು, ಮಗಳು, ಮನೆಯವರು ಎಲ್ಲರೂ ಹೋಗಿದ್ದೆವು. ತುಂಗಭದ್ರೆಯಲ್ಲಿ ಕಾಲು ತೊಳೆದು, ಪಾಳಿ ಹಚ್ಚಿ ಅಮ್ಮನ ದರ್ಶನ ಮಾಡಿದೆವು.

ಗುಣವಾದ ಮೇಲೂ ಎರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು ಅಂದಿದ್ದಾರೆ. ಮೊದಲನೆಯದು ನವೆಂಬರ್‌ನಲ್ಲಿ ಬರುತ್ತದೆ. ಹೆದರಿಕೆ ಆಗುತ್ತದೆ ಅಂತ ಈಗಲೇ ಗೊತ್ತು. ಮಳೆಗಾಲದಲ್ಲಿ ಸುಮ್ನೆ ನೆಗಡಿಯ ಕೆಮ್ಮು ಬಂದಾಗಲೇ ರಾತ್ರಿಯೆಲ್ಲ ನಿದ್ದೆ ಇರಲಿಲ್ಲ. ಡಬ್ಬಿ ಕೊಟ್ಟು ಗವಿಮಠಕ್ಕೆ ಹೋಗುತ್ತೇನೆ, ಅಜ್ಜಾರಿಗೆ ಹೇಳಬೇಕಾದ್ದನ್ನು ಹೇಳುತ್ತೇನೆ. ಆಮೇಲೆ ಸಂತೆಯಲ್ಲಿ ಬಿಳಿಜೋಳ ನೋಡಬೇಕು. 2026ರ ಜಾತ್ರೆ ಜನವರಿ ಮೊದಲ ವಾರಕ್ಕೇ ಬರುತ್ತದೆ. ಈ ಸಲ ಒಲೆ ನಮ್ಮ ಮನೆ ಮುಂದೆಯೇ ಹೂಡೋಣ ಅಂತ ದೊಡ್ಡವ್ವನಿಗೆ ಹೇಳಿಟ್ಟಿದ್ದೇನೆ.